ಎಂಟಿಬಿಎಫ್ 100 ಗಂಟೆ ಎಂದರೆ ಪಂಪ್ 100 ಗಂಟೆ ಓಡುತ್ತದೆಯೇ?

ರಿಪೇರಿ ಮಾಡಿ ಮತ್ತೆ ಓಡಿಸುವ ಯಂತ್ರವು ಎರಡು ಕೆಡುವಿಕೆಗಳ ನಡುವೆ ಸರಾಸರಿ ಎಷ್ಟು ಹೊತ್ತು ಓಡುತ್ತದೆ ಎಂಬುದೇ ಎಂಟಿಬಿಎಫ್. ಒಟ್ಟು ಓಡಿದ ಗಂಟೆಗಳನ್ನು ಕೆಟ್ಟ ಸಲಗಳ ಸಂಖ್ಯೆಯಿಂದ ಭಾಗಿಸಿದರೆ ಅದು ದೊರೆಯುತ್ತದೆ. ಬಲ್ಬಿನಂತೆ ಕೆಟ್ಟೊಡನೆ ಎಸೆಯುವ ವಸ್ತುಗಳಿಗೆ ಎಂಟಿಟಿಎಫ್ (ಕೆಡುವವರೆಗಿನ ಸರಾಸರಿ ಅವಧಿ) ಎಂಬ ಅಳತೆಯನ್ನು ಬಳಸುತ್ತಾರೆ.

ನಮ್ಮ ಕೊಡಗಿನಲ್ಲಿ ಹೂಮಳೆ ತಡವಾದಾಗ ರೊಬಸ್ಟಾ ಕಾಫಿ ತೋಟಗಳಿಗೆ ಕೆರೆಯಿಂದ ಸ್ಪ್ರಿಂಕ್ಲರ್ ಮೂಲಕ ನೀರು ಹಾಯಿಸುವ ಡೀಸೆಲ್ ಪಂಪ್‌ಸೆಟ್‌ಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದೇ ಬಗೆಯ 4 ಪಂಪ್‌ಗಳು ಒಂದು ಬೇಸಿಗೆಯಲ್ಲಿ ತಲಾ 150 ಗಂಟೆ ಓಡಿ, ಎಲ್ಲ ಸೇರಿ 6 ಸಲ ಕೆಟ್ಟವು ಎಂದುಕೊಂಡರೆ, 600ನ್ನು 6ರಿಂದ ಭಾಗಿಸಿ ಎಂಟಿಬಿಎಫ್ 100 ಗಂಟೆ ಎನ್ನಬಹುದು. ಒಮ್ಮೆಯೂ ಕೆಡದ ಪಂಪ್ ಇದ್ದರೆ ಅದರ 150 ಗಂಟೆಗಳನ್ನೂ ಸೇರಿಸಲೇಬೇಕು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ಸುಮ್ಮನೆ ನಿಂತ ತಿಂಗಳುಗಳನ್ನು ಸೇರಿಸಬಾರದು.

ಇಲ್ಲಿಂದ ಮುಂದಿನ ಹೆಜ್ಜೆಯೇ ಕಠಿಣ. ಕೆಡುವ ಸಂಭವವು ಪ್ರತಿ ಗಂಟೆಗೂ ಒಂದೇ ಸಮನಾಗಿದ್ದರೆ, ಒಂದು ಪಂಪ್ 100 ಗಂಟೆಗಳನ್ನು ಕೆಡದೆ ಪೂರೈಸುವ ಸಂಭವ ಸುಮಾರು ಶೇ. 37 ಮಾತ್ರ. ಸರಾಸರಿ ಎಂದಮೇಲೆ ಅರ್ಧದಷ್ಟಾದರೂ ಪೂರೈಸಬೇಕಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸೂತ್ರವನ್ನು ಬದಿಗಿಟ್ಟು ಕೈಯಿಂದಲೇ ಗುಣಿಸಿ ನೋಡಿ. ಒಂದು ಗಂಟೆಯಲ್ಲಿ ಕೆಡುವ ಸಂಭವ ನೂರರಲ್ಲಿ ಒಂದು, ಅಂದರೆ ಉಳಿಯುವ ಸಂಭವ 0.99. ಎರಡು ಗಂಟೆ ಉಳಿಯಬೇಕಾದರೆ ಮೊದಲನೆಯದರಲ್ಲೂ ಎರಡನೆಯದರಲ್ಲೂ ಉಳಿಯಬೇಕಾದ್ದರಿಂದ 0.99ನ್ನು 0.99ರಿಂದ ಗುಣಿಸಬೇಕು. ಹೀಗೆ ನೂರು ಗಂಟೆಗೆ ನೂರು 0.99ಗಳನ್ನು ಗುಣಿಸಿದರೆ 0.366 ಬರುತ್ತದೆ, ಗಂಟೆಯನ್ನು ನಿಮಿಷಗಳಾಗಿ, ಸೆಕೆಂಡುಗಳಾಗಿ ಸೀಳುತ್ತ ಹೋದರೆ ಉತ್ತರ 0.368ಕ್ಕೆ ಬಂದು ನಿಲ್ಲುತ್ತದೆ. ಪುಸ್ತಕದಲ್ಲಿ ಕಾಣುವ, 'ಇ'ಯ (ಸುಮಾರು 2.718 ಎಂಬ ಸಂಖ್ಯೆಯ) ಋಣ ಒಂದನೇ ಘಾತ ಇದೇ. ಪೂರ್ಣ ಸೂತ್ರದಲ್ಲಿ ಆ ಒಂದರ ಜಾಗದಲ್ಲಿ, ಓಡುವ ಅವಧಿಯನ್ನು ಎಂಟಿಬಿಎಫ್‌ನಿಂದ ಭಾಗಿಸಿದ ಸಂಖ್ಯೆ ಬರುತ್ತದೆ. ಹಾಗಾದರೆ ಸರಾಸರಿ 100 ಆಗಿದ್ದು ಹೇಗೆ? ಅರ್ಧದಷ್ಟು ಸಲ ಪಂಪ್ 69 ಗಂಟೆಯೊಳಗೇ ಕೆಟ್ಟಿರುತ್ತದೆ, ಆದರೆ ನೂರರಲ್ಲಿ ಹದಿಮೂರು ಹದಿನಾಲ್ಕು ಸಲ ಅದು 200 ಗಂಟೆಯನ್ನೂ ದಾಟುತ್ತದೆ. ಈ ಕೆಲವು ದೀರ್ಘ ಓಟಗಳೇ ಸರಾಸರಿಯನ್ನು ಮೇಲಕ್ಕೆಳೆಯುತ್ತವೆ.

ನನಗೆ ಅತ್ಯಂತ ಪ್ರಿಯವಾದ ಅಡ್ಡದಾರಿಯೊಂದಿದೆ. ಓಡಿಸುವ ಅವಧಿಯು ಎಂಟಿಬಿಎಫ್‌ಗಿಂತ ಬಹಳ ಚಿಕ್ಕದಾಗಿದ್ದರೆ, ಅವಧಿಯನ್ನು ಎಂಟಿಬಿಎಫ್‌ನಿಂದ ನೇರವಾಗಿ ಭಾಗಿಸಿದರೆ ಕೆಡುವ ಸಂಭವ ಸಿಗುತ್ತದೆ. ದಿನಕ್ಕೆ 8 ಗಂಟೆ ಓಡುವ ಪಂಪ್‌ಗೆ ಅದು ಶೇ. 8, ಪೂರ್ಣ ಸೂತ್ರದ ಉತ್ತರ ಶೇ. 7.7. ನಾಲ್ಕೂ ಪಂಪ್‌ಗಳು ಆ ದಿನ ತೊಂದರೆಯಿಲ್ಲದೆ ಓಡಬೇಕಾದರೆ 32 ಪಂಪ್-ಗಂಟೆಗಳ ಲೆಕ್ಕವಾಗುತ್ತದೆ. ಅಷ್ಟಕ್ಕೆ ಅಡ್ಡದಾರಿ ಸಾಲದು, ಪೂರ್ಣ ಸೂತ್ರದಿಂದ ಯಾವುದೂ ಕೆಡದಿರುವ ಸಂಭವ ಶೇ. 73 ಎಂದು ಬರುತ್ತದೆ.

ಬೇರಿಂಗ್, ಬೆಲ್ಟ್‌ಗಳಂತೆ ಸವೆಯುತ್ತ ಹೋಗುವ ಭಾಗಗಳಿಗೆ ಕೆಡುವ ಸಂಭವ ಏರುತ್ತಲೇ ಇರುವುದರಿಂದ ಈ ಶೇ. 37 ಅನ್ವಯಿಸುವುದಿಲ್ಲ. ಅಲ್ಲಿ ಸ್ವೀಡನ್ನಿನ ವಾಲೊಡಿ ವೈಬುಲ್ 1951ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹೆಸರಾದ ವಿತರಣೆ (ಯಾವ ಅವಧಿಯಲ್ಲಿ ಕೆಡುವ ಸಂಭವ ಎಷ್ಟು ಎಂದು ಹೇಳುವ ಗಣಿತ ಸೂತ್ರ) ಬೇಕು. ಅದರ ಆಕಾರ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ಸವೆತ, ಕಡಿಮೆಯಿದ್ದರೆ ಹೊಸ ಯಂತ್ರದ ಆರಂಭಿಕ ದೋಷ.

ಲಭ್ಯತೆಯನ್ನು, ಅಂದರೆ ಯಂತ್ರವು ಓಡುವ ಸ್ಥಿತಿಯಲ್ಲಿರುವ ಸಮಯದ ಪಾಲನ್ನು, ತಿಳಿಯಲು ಎಂಟಿಬಿಎಫ್‌ನ್ನು, ಅದಕ್ಕೆ ಸರಾಸರಿ ರಿಪೇರಿ ಅವಧಿಯನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಮೆಕ್ಯಾನಿಕ್ ಬಂದು, ಬಿಡಿಭಾಗವೂ ಸಿಕ್ಕಿ ಪಂಪ್ ಮತ್ತೆ ಓಡಲು 25 ಗಂಟೆ ಹಿಡಿದರೆ ಲಭ್ಯತೆ ಶೇ. 80; ಬಿಡಿಭಾಗ ತೋಟದಲ್ಲೇ ಇದ್ದು 5 ಗಂಟೆಯಲ್ಲಿ ಮುಗಿದರೆ, ಎಂಟಿಬಿಎಫ್ ಕಿಂಚಿತ್ತೂ ಬದಲಾಗದೆಯೇ ಅದು ಶೇ. 95ಕ್ಕೆ ಏರುತ್ತದೆ.