ಮೈಸೂರಿನ ಮಾವುತನ ಮಗನನ್ನು ಲಂಡನ್ನಿಗೆ ಕರೆಸಿದ ಹಂಗೇರಿಯವನು

ಮೈಸೂರಿನ ಸಾಬು ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕಾರಾಪುರದ ಮಾವುತನ ಮಗ, ಮಹಾರಾಜರ ಆನೆ ಲಾಯದಿಂದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್‌ಗೆ ಹೋದ ಹುಡುಗ. ಅವನನ್ನು ಕರೆಸಿಕೊಂಡ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನ ಕಥೆಯನ್ನು ಮಾತ್ರ ಇಲ್ಲಿ ಹೇಳುವವರು ಕಡಿಮೆ. ಬ್ರಿಟಿಷ್ ಸಿನಿಮಾಕ್ಕೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟ ಕೊರ್ಡಾ ಬ್ರಿಟನ್ನಿನವನೇ ಅಲ್ಲ.

ಹುಟ್ಟಿದ್ದು 1893ರಲ್ಲಿ, ಹಂಗೇರಿಯ ಒಂದು ಹಳ್ಳಿಯ ಯಹೂದಿ ಮನೆಯಲ್ಲಿ. ಮೂಲ ಹೆಸರು ಶಾಂಡೋರ್ ಕೆಲ್ನರ್. ಬುಡಾಪೆಸ್ಟ್‌ನಲ್ಲಿ ಪತ್ರಕರ್ತನಾಗಿದ್ದಾಗ ಇಟ್ಟುಕೊಂಡ ಹೆಸರು ಕೊರ್ಡಾ. ಇಪ್ಪತ್ತೈದು ತುಂಬುವ ಮೊದಲೇ ಅಲ್ಲಿ ಕೊರ್ವಿನ್ ಎಂಬ ಸ್ಟುಡಿಯೊ ಕಟ್ಟಿ, ಸಾಲು ಸಾಲಾಗಿ ಚಿತ್ರ ಮಾಡುತ್ತಿದ್ದ.

1919ರಲ್ಲಿ ಎಲ್ಲಾ ತಲೆಕೆಳಗಾಯಿತು. ಬೇಲಾ ಕುನ್‌ನ ಕಮ್ಯುನಿಸ್ಟ್ ಸರ್ಕಾರ ಸಿನಿಮಾ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಅದರ ಆಡಳಿತ ಮಂಡಳಿಯಲ್ಲಿ ಕೊರ್ಡಾನೂ ಇದ್ದ. ಕೆಲವೇ ತಿಂಗಳಲ್ಲಿ ಆ ಸರ್ಕಾರ ಬಿತ್ತು, ಕಮ್ಯುನಿಸ್ಟ್ ವಿರೋಧಿ ನಾಯಕ ಹೋರ್ತಿಯ ಸೇನೆಯವರು ಬಂದು ಕೊರ್ಡಾನನ್ನು ಹಿಡಿದರು. ಬಿಡುಗಡೆಯಾದ ಮೇಲೆ ಅವನು ವಿಯೆನ್ನಾ ಸೇರಿದ. ಹಂಗೇರಿಗೆ ಮತ್ತೆ ಕಾಲಿಡಲಿಲ್ಲ.

ಅಲ್ಲಿಂದ ಶುರುವಾಯಿತು ಅಲೆದಾಟ. ವಿಯೆನ್ನಾ, ಬರ್ಲಿನ್, ಹಾಲಿವುಡ್, ಪ್ಯಾರಿಸ್. ಹಾಲಿವುಡ್‌ನಲ್ಲಿ ಸ್ಟುಡಿಯೊ ಹೇಳಿದ್ದನ್ನು ಮಾಡಿಕೊಡುವ ಕೆಲಸ ಹಿಡಿಸಲಿಲ್ಲ. 1931ರ ಕೊನೆಗೆ ಪ್ಯಾರಮೌಂಟ್ ಕಂಪನಿಯ ಪರವಾಗಿ ಲಂಡನ್ನಿಗೆ ಬಂದ.

ಆಗಿನ ಲಂಡನ್ ಹೇಗಿತ್ತು ಅನ್ನುವುದು ಮುಖ್ಯ. ಅಮೆರಿಕದ ಚಿತ್ರಗಳ ಹಾವಳಿ ತಡೆಯಲು ಬ್ರಿಟನ್ 1927ರಲ್ಲಿ ಕಾಯ್ದೆ ತಂದಿತ್ತು. ಚಿತ್ರಮಂದಿರಗಳು ಇಷ್ಟು ಪಾಲು ಬ್ರಿಟಿಷ್ ಚಿತ್ರ ತೋರಿಸಲೇಬೇಕು ಎಂಬುದು ನಿಯಮ. ಲೆಕ್ಕ ತೋರಿಸುವುದಕ್ಕೆಂದೇ ಅಮೆರಿಕದ ಕಂಪನಿಗಳು ಅಲ್ಲಿ ಕಡಿಮೆ ದುಡ್ಡಿನಲ್ಲಿ, ಅವಸರದಲ್ಲಿ ಚಿತ್ರ ಮಾಡಿಸುತ್ತಿದ್ದವು. ಬ್ರಿಟಿಷ್ ಚಿತ್ರ ಅಂದರೆ ಕಳಪೆ ಎಂಬ ಮಾತು ಹುಟ್ಟಿದ್ದೇ ಹೀಗೆ. ಕೊರ್ಡಾ ಇದನ್ನು ಒಳಗಿನಿಂದಲೇ ನೋಡಿ, 1932ರಲ್ಲಿ ಲಂಡನ್ ಫಿಲ್ಮ್ಸ್ ಎಂಬ ಸ್ವಂತ ಕಂಪನಿ ತೆರೆದ.

ಮರುವರ್ಷವೇ ಎಂಟನೇ ಹೆನ್ರಿಯ ಮೇಲಿನ ಚಿತ್ರ ಬಂತು. ಇಂಗ್ಲಿಷ್ ರಾಜನ ಆ ಕಥೆಗೆ ನಿರ್ದೇಶಕ ಹಂಗೇರಿಯ ಕೊರ್ಡಾ. ಬರೆದವರಲ್ಲಿ ಒಬ್ಬ ಹಂಗೇರಿಯ ಲಾಯೋಶ್ ಬೀರೋ. ಕ್ಯಾಮೆರಾ ಹಿಡಿದವನು ಫ್ರಾನ್ಸಿನ ಜಾರ್ಜ್ ಪೆರಿನಾಲ್. ಸೆಟ್ ಹಾಕಿದವನು ಕೊರ್ಡಾನ ತಮ್ಮ ವಿನ್ಸೆಂಟ್. ಹೆನ್ರಿಯಾಗಿ ನಟಿಸಿದ ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ಬಂತು. ಅಮೆರಿಕದ ಪ್ರೇಕ್ಷಕರು ದುಡ್ಡು ಕೊಟ್ಟು ಬ್ರಿಟಿಷ್ ಚಿತ್ರ ನೋಡಿದರು. ನನ್ನ ಮಟ್ಟಿಗೆ ಕೊರ್ಡಾನ ದೊಡ್ಡ ಸಾಧನೆ ಇದೇ. ಊರು ಬಿಟ್ಟು ಬಂದವರನ್ನೇ ಸೇರಿಸಿಕೊಂಡು, ಬಂದ ಊರಿನ ಸಿನಿಮಾಕ್ಕೆ ಒಂದು ಮುಖ ಕೊಟ್ಟ.

ಪ್ರುಡೆನ್ಶಿಯಲ್ ವಿಮಾ ಕಂಪನಿ ಬಂಡವಾಳ ಹಾಕಿತು. ಲಂಡನ್ನಿನ ಹೊರಗೆ ಡೆನ್‌ಹ್ಯಾಮ್‌ನಲ್ಲಿ ಭಾರಿ ಸ್ಟುಡಿಯೊ ಎದ್ದಿತು. ಆ ಹೊತ್ತಿನಲ್ಲೇ ಮೈಸೂರಿನ ಅಧ್ಯಾಯ ಬರುವುದು.

ಕಿಪ್ಲಿಂಗ್ ಬರೆದ ಆನೆ ಹುಡುಗನ ಕಥೆಯನ್ನು ಚಿತ್ರ ಮಾಡಲು ಕೊರ್ಡಾ 1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿಯನ್ನು ಮೈಸೂರಿಗೆ ಕಳಿಸಿದ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ತಂಡ ಉಳಿದುಕೊಳ್ಳಲು ಚಿತ್ತರಂಜನ್ ಮಹಲ್ ಸಿಕ್ಕಿತು. ಆನೆಗಳು, ಮಾವುತರು, ಕಾಡು ಎಲ್ಲವೂ ಸಿಕ್ಕವು. ಕ್ಯಾಮೆರಾಮನ್ ಬೊರಡೇಲ್ ಕಣ್ಣಿಗೆ ಬಿದ್ದವನೇ ಸಾಬು. ಹನ್ನೊಂದು, ಹನ್ನೆರಡರ ಪ್ರಾಯ. ಇಂಗ್ಲಿಷ್ ಬರುತ್ತಿರಲಿಲ್ಲ. ಆನೆ ಜೊತೆ ಮಾತ್ರ ಹುಟ್ಟಿದಾಗಿನಿಂದ ಒಡನಾಟ.

ಫ್ಲಾಹರ್ಟಿ ನಿಧಾನಸ್ಥ. ಜನರ ಬದುಕನ್ನು ನೋಡುತ್ತಾ, ಅದರಿಂದ ಕಥೆ ಹೊರಡಲಿ ಎಂದು ಕಾಯುವವನು. ಮಳೆಗಾಲವೂ ಕಾಯಿಸಿತು. ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ಚಿತ್ರೀಕರಣವಾಯಿತು. ಕಾಡಾನೆ ಹಿಂಡನ್ನು ಸದ್ದು ಮಾಡಿ ಅಟ್ಟಿಕೊಂಡು ಬಂದು ದಿಮ್ಮಿಯ ಬೇಲಿಯೊಳಗೆ ಕೂಡುವ ಆ ಕೆಲಸ ಈಗ ನಿಂತೇ ಹೋಗಿದೆ. ಹಾಗಾಗಿ ಆ ದೃಶ್ಯಗಳಿಗೆ ನಮ್ಮ ಪಾಲಿಗೆ ಬೇರೆಯೇ ಬೆಲೆ ಇದೆ.

ಲಂಡನ್ನಿನಲ್ಲಿ ಕೂತ ಕೊರ್ಡಾಗೆ ಖರ್ಚು ಏರುತ್ತಿದ್ದದ್ದು ಕಾಣುತ್ತಿತ್ತು, ಕಥೆ ಕಾಣುತ್ತಿರಲಿಲ್ಲ. ಇನ್ನೊಬ್ಬ ತಮ್ಮ ಜೋಲ್ಟಾನ್‌ನನ್ನು ಮೈಸೂರಿಗೆ ಕಳಿಸಿದ. 1936ರಲ್ಲಿ ತಂಡವನ್ನು ವಾಪಸ್ ಕರೆಸಿ, ಸಾಬುವನ್ನೂ ಅವನ ಅಣ್ಣನನ್ನೂ ಇಂಗ್ಲೆಂಡಿಗೆ ತರಿಸಿಕೊಂಡ. ಉಳಿದ ಕಥೆಯನ್ನು ಡೆನ್‌ಹ್ಯಾಮ್‌ನಲ್ಲಿ ಜೋಲ್ಟಾನ್ ಚಿತ್ರೀಕರಿಸಿದ. ಅಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರು ಭಾರತೀಯರಾದರು.

1937ರಲ್ಲಿ ಬಂದ 'ಎಲಿಫೆಂಟ್ ಬಾಯ್' ನೋಡಿದರೆ ಹೊಲಿಗೆ ಎದ್ದು ಕಾಣುತ್ತದೆ. ಸಾಬು ಹೊಳೆಯಲ್ಲಿ ಆನೆಗೆ ಸ್ನಾನ ಮಾಡಿಸುವಾಗ ಅದು ನಟನೆ ಅನ್ನಿಸುವುದೇ ಇಲ್ಲ. ಮುಂದಿನ ದೃಶ್ಯದಲ್ಲಿ ಸ್ಟುಡಿಯೊದ ಕಾಡು, ನಾಟಕದ ಮಾತು. ವೆನಿಸ್ ಉತ್ಸವದಲ್ಲಿ ಫ್ಲಾಹರ್ಟಿ, ಜೋಲ್ಟಾನ್ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಬಂತು ನಿಜ. ಆದರೆ ಆ ಚಿತ್ರದಲ್ಲಿ ಇವತ್ತಿಗೂ ಜೀವ ಇರುವುದು ಮೈಸೂರಿನ ಭಾಗದಲ್ಲೇ. ಕೊರ್ಡಾ ಇನ್ನಷ್ಟು ತಾಳ್ಮೆ ತೋರಿಸಬೇಕಿತ್ತು.

ಮುಂದೆ ಮಾಡಿದ್ದು ಇನ್ನೂ ಕಷ್ಟದ ವಿಷಯ. ಸಾಬುವನ್ನೇ ಹಾಕಿಕೊಂಡು 1938ರಲ್ಲಿ 'ದಿ ಡ್ರಮ್' ಮಾಡಿದ. ವಾಯವ್ಯ ಗಡಿಯಲ್ಲಿ ಬ್ರಿಟಿಷರೇ ರಕ್ಷಕರು, ಅವರನ್ನು ವಿರೋಧಿಸುವವರೆಲ್ಲ ಕೇಡಿಗಳು ಎನ್ನುವ ಕಥೆ. ಬೊಂಬಾಯಿಯಲ್ಲಿ ಜನ ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾಗಿತ್ತು. ಆಶ್ರಯ ಕೊಟ್ಟ ದೇಶವನ್ನು ಹೊಗಳುವ ಭರದಲ್ಲಿ, ಆ ದೇಶದ ಆಳ್ವಿಕೆಯ ಕೆಳಗಿದ್ದವರು ಕೊರ್ಡಾಗೆ ಕಾಣಲಿಲ್ಲ. ಅವನು 1939ರಲ್ಲಿ ಮದುವೆಯಾದ ನಟಿ ಮರ್ಲ್ ಒಬೆರಾನ್ ಹುಟ್ಟಿದ್ದು ಅದೇ ಬೊಂಬಾಯಿಯಲ್ಲಿ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದವಳು ಎಂದು ಹೇಳಿಕೊಂಡೇ ಆಕೆ ತಾರೆಯಾಗಿ ಬದುಕಬೇಕಾಯಿತು.

ಯುದ್ಧ ಶುರುವಾದಾಗ 'ದಿ ಥೀಫ್ ಆಫ್ ಬಾಗ್ದಾದ್' ಅರ್ಧದಲ್ಲಿತ್ತು. ಅದನ್ನು ಹಾಲಿವುಡ್‌ಗೆ ಒಯ್ದು ಮುಗಿಸಿದ. ಮೂರು ಆಸ್ಕರ್ ಬಂದವು, ಒಂದು ತಮ್ಮ ವಿನ್ಸೆಂಟ್‌ಗೆ. 1942ರಲ್ಲಿ ಬ್ರಿಟನ್ ಕೊರ್ಡಾಗೆ ಸರ್ ಪದವಿ ಕೊಟ್ಟಿತು. ಸಿನಿಮಾ ನಿರ್ದೇಶಕನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಸಾಬು ಅಮೆರಿಕದಲ್ಲೇ ಉಳಿದ, ಅಲ್ಲಿನ ವಾಯುಸೇನೆಯಲ್ಲಿ ಗನ್ನರ್ ಆಗಿ ಯುದ್ಧ ಮಾಡಿದ. 1963ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ.

ದುಡ್ಡಿನ ವಿಷಯದಲ್ಲಿ ಕೊರ್ಡಾ ಕೊನೆವರೆಗೂ ಬದಲಾಗಲಿಲ್ಲ. ಡೆನ್‌ಹ್ಯಾಮ್ ಕೈಬಿಟ್ಟು ಹೋಗಿದ್ದು ಯುದ್ಧಕ್ಕೆ ಮೊದಲೇ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಲಯನ್ ಎಂಬ ಕಂಪನಿ ಕೈಗೆ ಬಂತು. 1949ರಲ್ಲಿ 'ದಿ ಥರ್ಡ್ ಮ್ಯಾನ್' ನಿರ್ಮಾಣದಲ್ಲಿ ಪಾಲುದಾರನಾದ, ಆ ಚಿತ್ರ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿತು. ಆದರೆ ಸರ್ಕಾರಿ ಹಣಕಾಸು ಸಂಸ್ಥೆ ಬ್ರಿಟಿಷ್ ಲಯನ್‌ಗೆ ಕೊಟ್ಟ 30 ಲಕ್ಷ ಪೌಂಡ್ ಸಾಲ ತೀರಲಿಲ್ಲ. 1954ರಲ್ಲಿ ಕಂಪನಿ ಕೈತಪ್ಪಿತು. ಅವನು ಮತ್ತೆ ಹೊಸ ಬಂಡವಾಳ ಹುಡುಕಿಕೊಂಡ. ಲಂಡನ್ ಫಿಲ್ಮ್ಸ್ ಹೆಸರಿನಲ್ಲೇ ಲಾರೆನ್ಸ್ ಒಲಿವಿಯರ್‌ನ 'ಮೂರನೇ ರಿಚರ್ಡ್' 1955ರಲ್ಲಿ ತೆರೆಗೆ ಬಂತು. ಮರುವರ್ಷ ಜನವರಿಯಲ್ಲಿ ಕೊರ್ಡಾ ಲಂಡನ್ನಿನಲ್ಲೇ ತೀರಿಕೊಂಡ.