ಸೀಸ ಕರಗಿಸೋದು ಸುಲಭ, ಕಿಟ್ಟ ಸಂಭಾಳಿಸೋದೇ ಕಷ್ಟ

ಇತ್ತೀಚಿಗಿ ನಮ್ಮ ವರ್ಕ್‌ಶಾಪಿಗಿ ಬರೋ ಹುಡುಗರು ಫೋನ್‌ದಾಗ ಅಮೆರಿಕಾದವರ ವಿಡಿಯೋ ತೋರಿಸಿ, ಸರ್ ಅವ್ರು ಮನ್ಯಾಗೇ ಸೀಸ ಕರಗಿಸಿ ಬಂದೂಕಿನ ಬುಲೆಟ್ ಹೊಯ್ತಾರಲ್ರಿ, ನಾವೂ ಮಾಡ್ಬಹುದೇನ್ರಿ ಅಂತ ಕೇಳ್ತಾರ. ಅಲ್ಲಿ ಅದು ಹವ್ಯಾಸ, ಇಲ್ಲಿ ಕೇಸ್. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಮದ್ದುಗುಂಡು ತಯಾರಿಸಲಿಕ್ಕ ಲೈಸೆನ್ಸ್ ಬೇಕು, ಮತ್ತ ಆ ಕಾಯ್ದೆ ಮದ್ದುಗುಂಡಿನ ಬಿಡಿಭಾಗ, ಅದನ್ನ ಮಾಡೋ ಮಷಿನ್ ಇವನ್ನೂ ಮದ್ದುಗುಂಡಿನ ಲೆಕ್ಕಕ್ಕೇ ಹಿಡಿತದ, ಹಂಗಾಗಿ ಬರೀ ಸೀಸ ಹೊಯ್ದೀನ್ರಿ ಮದ್ದು ತುಂಬಿಲ್ಲ ಅನ್ನೋ ಮಾತು ನಡ್ಯಂಗಿಲ್ಲ. ಆ ವಿಷಯ ಅಲ್ಲಿಗೇ ಬಿಡ್ರಿ.

ಆದ್ರ ಭೀಮಾ ದಂಡಿ, ಕೃಷ್ಣಾ ದಂಡಿ ಊರುಗಳಾಗ ಮೀನು ಹಿಡಿಯೋ ಬೀಸುಬಲಿಗಿ ಕಟ್ಟೋ ಸೀಸದ ಗುಂಡು ತಾವೇ ಹೊಯ್ಕೊಳ್ಳೋರು ಅದಾರ, ಅವರಿಗಿ ಈ ಮಾತು ಬೇಕಾಗ್ತದ.

ಸೀಸ ಕರಗೋದು 327 ಡಿಗ್ರಿಗಿ, ಹೊಯ್ಲಿಕ್ಕ 350ರಿಂದ 400 ಸಾಕು, ಅಂದ್ರ ಅಡಗಿ ಗ್ಯಾಸ್ ಒಲಿ ಮ್ಯಾಲೇ ಕರಗ್ತದ, ಅಪಾಯ ಇರೋದೇ ಈ ಸುಲಭದಾಗ. ಕರಗಿದ ಸೀಸದ ಮ್ಯಾಲ ಬಂಗಾರ ಬಣ್ಣ, ನೀಲಿ ಬಣ್ಣದ ಪೊರಿ ಓಡ್ಲಿಕ್ಕತ್ತಿದ್ರ ಬಿಸಿ ಜಾಸ್ತಿ ಆಗ್ಯದ ಅಂತ, ಉರಿ ಸಣ್ಣ ಮಾಡ್ರಿ. ಪಾತ್ರಿ ಕಬ್ಬಿಣದ್ದೇ ಇರ್ಲಿ, ಅಲ್ಯೂಮಿನಿಯಂ ಬ್ಯಾಡ, ಮತ್ತ ಒಂದ್ಸಲ ಸೀಸ ಕಂಡ ಪಾತ್ರಿ, ಸೌಟು ತಿರುಗಿ ಅಡಗಿಮನಿಗಿ ಹೋಗಬಾರದು, ಎಷ್ಟು ತಿಕ್ಕಿದ್ರೂ ಹೋಗಬಾರದು. ಒಲಿ ಬಯಲಾಗ ಇಡ್ರಿ, ಗಾಳಿ ನಿಮ್ಮ ಬೆನ್ನಿಗಿ ಬರೋ ಹಂಗ. ಶಹಾಬಾದ್ ಫರ್ಶಿ ಇಲ್ಲಾ ಸಿಮೆಂಟ್ ನೆಲದ ಮ್ಯಾಲ ನೇರ ಕೆಲಸ ಬ್ಯಾಡ, ಬಿಸಿ ಸೀಸ ಬಿದ್ರ ಚಕ್ಕಿ ಎದ್ದು ಹಾರ್ತದ, ಒಣ ಉಸುಕು ಹರವಿದ ತಗಡು ಕೆಳಗ ಹಾಕ್ರಿ.

ಯಾವ ಸೀಸ ಅನ್ನೋದೂ ನೋಡ್ಬೇಕು. ಬಲಿ ಗುಂಡು ಹಗ್ಗಕ್ಕ ಒತ್ತಿ ಕೂಡಿಸಬೇಕಾಗ್ತದ, ಅದಕ್ಕ ಮೆತ್ತನ ಸೀಸ ಬೇಕು, ಉಗುರಿಲೆ ಗೀರಿದ್ರ ಗೆರಿ ಬೀಳಬೇಕು. ಗುಜರಿ ಅಂಗಡ್ಯಾಗ ಹಳೀ ಕೇಬಲ್ ಮ್ಯಾಲಿನ ಸೀಸದ ಕವಚ ಸಿಕ್ರ ಛಲೋ. ಗಾಡಿ ಚಕ್ರದ ಬ್ಯಾಲೆನ್ಸಿಂಗ್ ವೇಯ್ಟ್ ಗಟ್ಟಿ ಇರ್ತಾವ, ಮ್ಯಾಲ ಅದರಾಗ ಈಗ ಸತುವಿನವೂ ಬೆರಕಿ ಬರ್ತಾವ. ಬೀದರದಾಗ ಒಬ್ಬರು ಬಿದ್ರಿ ಕೆಲಸದ ತುಣುಕು ಸೇರಿಸ್ಬಹುದೇನ್ರಿ ಅಂತ ಕೇಳಿದ್ರು, ಬ್ಯಾಡ್ರಿ, ಬಿದ್ರಿ ಅಂದ್ರ ಹೆಚ್ಚಿನ ಪಾಲು ಸತು, ಉಳಿದದ್ದು ತಾಮ್ರ. ಸತು ಕರಗೋದು 419 ಡಿಗ್ರಿಗಿ, ಅದು ಸೀಸದಾಗ ಸೇರಿದ್ರ ಮೇಲ ಗಂಜಿ ಆಗ್ತದ, ಅಚ್ಚು ಪೂರಾ ತುಂಬಂಗಿಲ್ಲ. ಬ್ಯಾಟರಿ ಮಾತ್ರ ಒಡೀಲೇಬ್ಯಾಡ್ರಿ. ಒಳಗ ಆಸಿಡ್, ಸೀಸದ ಪುಡಿ, ಮತ್ತ ಪ್ಲೇಟು ಕರಗಿಸಿದಾಗ ಮ್ಯಾಲ ಏಳೋ ಕಿಟ್ಟಕ್ಕ (ಬೂದಿಯಂಥ ಪುಡಿ) ನೀರು ತಾಗಿದ್ರ ಆರ್ಸೆನಿಕ್ ಇರೋ ವಿಷದ ಗ್ಯಾಸ್ ಏಳಬಹುದು. ಹಳೀ ಬ್ಯಾಟರಿ ಅಂಗಡಿಗಿ ಕೊಟ್ರ ರೊಕ್ಕನೂ ಬರ್ತದ, 2022ರ ಬ್ಯಾಟರಿ ತ್ಯಾಜ್ಯ ನಿಯಮನೂ ಅದನ್ನೇ ಹೇಳ್ತದ.

ಈಗ ನೀರಿನ ಮಾತು. ಒಂದು ಹನಿ ನೀರು ಕರಗಿದ ಸೀಸದ ಕೆಳಗ ಸಿಕ್ರ ಅದು ಉಗಿಯಾಗಿ ಸುಮಾರು 1700 ಪಟ್ಟು ಉಬ್ಬತದ, ಮ್ಯಾಲಿದ್ದ ಸೀಸ ಎಲ್ಲಾ ಮುಖಕ್ಕ ಬರ್ತದ. ಗುಜರಿ ಸೀಸ ತಣ್ಣಗಿನ ಪಾತ್ರ್ಯಾಗೇ ಹಾಕಿ ಆಮ್ಯಾಲ ಬೆಂಕಿ ಹಚ್ರಿ, ಕರಗಿದ್ದರ ಮ್ಯಾಲ ಹೊಸ ತುಣುಕು ಒಗಿಬ್ಯಾಡ್ರಿ, ಅಚ್ಚು ಸೌಟು ಎರಡೂ ಬಿಸಿ ಮಾಡ್ಕೊಂಡೇ ಶುರು ಮಾಡ್ರಿ, ಬೆವರು ಹನಿ ಬೀಳೋ ಹಂಗ ಬಗ್ಗಿ ನೋಡಬ್ಯಾಡ್ರಿ, ನಮ್ಮ ಕಲಬುರಗಿ ಏಪ್ರಿಲ್‌ದಾಗ ಇದು ಸಣ್ಣ ಮಾತಲ್ಲ. ಕಣ್ಣಿಗಿ ಗ್ಲಾಸು, ಚರ್ಮದ ಬೂಟು, ಕಾಟನ್ ಅಂಗಿ. ಪಾಲಿಸ್ಟರ್ ಹಾಕಿದ್ರ ಮೈಗೇ ಅಂಟ್ತದ. ಮೊದಲ ಹೊಯ್ದವು ಸುಕ್ಕುಸುಕ್ಕು ಬಂದ್ರ ಅಚ್ಚು ತಣ್ಣಗದ ಅಂತ ಅಷ್ಟೇ.

ಸುಟ್ಟ ಗಾಯಕ್ಕ ಎಲ್ಲಾರೂ ಹೆದರ್ತಾರ, ಕಿಟ್ಟಕ್ಕ ಯಾರೂ ಹೆದರಂಗಿಲ್ಲ. ಕರಗಿದ ಸೀಸಕ್ಕ ಒಂದೀಟು ಮೇಣ ಹಾಕಿ ತಿರುವಿದ್ರ (ಭಗ್ ಅಂತ ಉರಿತದ, ಗಾಬರಿ ಆಗಬ್ಯಾಡ್ರಿ) ಒಂದಿಷ್ಟು ಸೀಸ ವಾಪಸ್ ಬರ್ತದ, ಉಳಿದ ಬೂದಿ ಬಣ್ಣದ ಪುಡಿ ಸೌಟಿಲೆ ತೆಗಿತೀರಿ. ಆ ಪುಡೀನೇ ಕಿಟ್ಟ, ಅಂದ್ರ ಸೀಸದ ಆಕ್ಸೈಡ್. 400ರ ಒಳಗ ಇದ್ರ ಸೀಸದ ಆವಿ ಏಳೋದು ಭಾಳ ಕಮ್ಮಿ, ಮೈಗಿ ಹೋಗೋದು ಹೆಚ್ಚಾಗಿ ಈ ಪುಡಿಯಿಂದ, ಬೆರಳಿಂದ ಬಾಯಿಗಿ, ಅಂಗಿಯಿಂದ ಮಗಿನ ಕೈಗಿ. ಕೆಲಸದ ನಡುವ ಎಲಿ ಅಡಿಕಿ, ಗುಟ್ಕಾ, ಬೀಡಿ, ಚಹಾ ಏನೂ ಬ್ಯಾಡ. ಬಾಯಿಗಿ ಟವೆಲ್ ಸುತ್ತಿದ್ರ ಆಗಂಗಿಲ್ಲ, ಸಣ್ಣ ಪುಡಿ ತಡಿಯೋ ಪಿ100 ಫಿಲ್ಟರ್ ಇರೋ ಮಾಸ್ಕ್ ಹಾಕ್ರಿ. ಒಣ ಕಸಬರಿಗಿಲೆ ಗುಡಿಸಿದ್ರ ಪುಡಿ ಮನಿ ತುಂಬ ಏಳ್ತದ, ಎಲ್ಲಾ ಆರಿದ ಮ್ಯಾಲ ಒದ್ದಿ ಬಟ್ಟಿಲೆ ಒರಸ್ರಿ, ಸಾಬೂನು ಹಚ್ಚಿ ಕೈ ತೊಳಿರಿ, ಅಂಗಿ ಬ್ಯಾರೇನೇ ಒಗಿರಿ. ಕಿಟ್ಟ ಮುಚ್ಚಳ ಇರೋ ಡಬ್ಬ್ಯಾಗ ಇಟ್ಟು, ಸೀಸ ತಗೊಳ್ಳೋ ಲೈಸೆನ್ಸ್ ಇದ್ದವರಿಗೇ ಕೊಡ್ರಿ, ತಿಪ್ಪಿಗಿ ಬ್ಯಾಡ, ಬಾವಿ ದಂಡಿಗಂತೂ ಬ್ಯಾಡೇ ಬ್ಯಾಡ.

ಮನ್ಯಾಗ ಸಣ್ಣ ಮಕ್ಕಳು, ಬಸುರಿ ಹೆಣ್ಣುಮಕ್ಕಳು ಇದ್ರ ಅಂಗಳದಾಗ ಈ ಕೆಲಸ ಇಟ್ಕೋಬ್ಯಾಡ್ರಿ, ಊರ ಹೊರಗ ಹೊಲದಾಗ ಮಾಡ್ರಿ. ಸೀಸಕ್ಕ ಸುರಕ್ಷಿತ ಮಟ್ಟ ಅನ್ನೋದೇ ಇಲ್ಲ ಅಂತದ ವಿಶ್ವ ಆರೋಗ್ಯ ಸಂಸ್ಥೆ, ಡೆಸಿಲೀಟರ್ ರಕ್ತದಾಗ 5 ಮೈಕ್ರೋಗ್ರಾಂ ಇದ್ರ ಎಲ್ಲಿಂದ ಬಂತು ಅಂತ ಹುಡುಕ್ರಿ ಅಂತದ. ಈ ಕೆಲಸ ದಿನಾ ಮಾಡೋರು ಡಾಕ್ಟರಿಗಿ ಹೇಳಿ ವರ್ಷಕ್ಕೊಮ್ಮೆ ರಕ್ತದ ಸೀಸದ ಟೆಸ್ಟ್ ಮಾಡಿಸ್ರಿ, ಓಣ್ಯಾಗಿನ ಲ್ಯಾಬಿನವ್ರು ನಮ್ಮಲ್ಲಿ ಆಗಂಗಿಲ್ರಿ ಅಂದ್ರ ಸ್ಯಾಂಪಲ್ ಹೈದ್ರಾಬಾದಿಗಿ ಕಳಿಸೋ ಲ್ಯಾಬ್ ಯಾವ್ದು ಅಂತ ಅವ್ರಿಗೇ ಕೇಳ್ರಿ.