ಹಲಗೆ ಮೇಲಿಟ್ಟದ್ದೆಲ್ಲ ಡಯೋರಮಾ ಅಲ್ಲ

ಪುಟಾಣಿ ಮಾದರಿ ಕಟ್ಟುವ ನಮ್ಮ ಹವ್ಯಾಸದಲ್ಲಿ ಡಯೋರಮಾ ಅಂದರೆ ಮಾದರಿ, ಗೊಂಬೆ, ನೆಲ ಎಲ್ಲ ಸೇರಿ ಒಂದು ಸನ್ನಿವೇಶ ತೋರಿಸುವ ಪುಟ್ಟ ದೃಶ್ಯ. ಆದರೆ ಸಿಕ್ಕಿದ್ದಕ್ಕೆಲ್ಲ ಆ ಹೆಸರು ಅಂಟಿಸುತ್ತಾರೆ. ಹೋದ ವಾರ ಅಂಥ ಇನ್ನೊಂದು ಫೋಟೊ ಕಣ್ಣಿಗೆ ಬಿತ್ತು. ಪಾಲಿಶ್ ಮಾಡಿದ ಮರದ ಹಲಗೆ, ಅದರ ಮೇಲೆ ಅಂಟಿಸಿದ ಹುಲ್ಲು, ಹುಲ್ಲಿನ ಮೇಲೆ ಎರಡನೇ ಮಹಾಯುದ್ಧದ ಶೆರ್ಮನ್ ಟ್ಯಾಂಕಿನ ಒಂದು ಮಾದರಿ. ಕೆಲಸ ಚೆನ್ನಾಗಿಯೇ ಇತ್ತು. ಬಣ್ಣ ಹದವಾಗಿತ್ತು, ಟ್ರ್ಯಾಕಿಗೆ, ಅಂದರೆ ಚಕ್ರಗಳ ಸುತ್ತಲಿನ ಲೋಹದ ಪಟ್ಟಿಗೆ, ತುಕ್ಕು ಹಿಡಿಸಿದ ರೀತಿಯೂ ಸೊಗಸಾಗಿತ್ತು. ಕೆಳಗೆ ಬರೆದಿತ್ತು: 'ನನ್ನ ಮೊದಲ ಡಯೋರಮಾ'. ಅದಕ್ಕೂ ಮುಂಚೆ ಒಬ್ಬರು ಪುಟಾಣಿ ರೈಲು ಓಡಿಸುವ ಮೇಜಿಗೆ ಡಯೋರಮಾ ಅಂದಿದ್ದರು. ಮತ್ತೊಬ್ಬರು ಕಲ್ಲು ಹಾಸಿದ ಖಾಲಿ ರಸ್ತೆಯ ಒಂದು ತುಂಡನ್ನು ತೋರಿಸಿ 'ಡಯೋರಮಾ ಮಾರಾಟಕ್ಕಿದೆ' ಅಂದರು. ಸುಮ್ನೆ ಇರೋಣ ಅಂದುಕೊಂಡಿದ್ದೆ, ಆಗಲಿಲ್ಲ.

ಕಿಟ್ ಅಂದರೆ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ, 1/35 ಅಂದರೆ ಅದರ ಸ್ಕೇಲ್, ನಿಜದ ಮೂವತ್ತೈದರಲ್ಲಿ ಒಂದು ಪಾಲಿನ ಅಳತೆ. ಅಷ್ಟು ಗೊತ್ತಿದ್ದರೆ ಸಾಕು. ನನ್ನ ತಕರಾರು ಪದದ ಬಗ್ಗೆ ಮಾತ್ರ.

ಮೊದಲು ಒಂದು ತಪ್ಪು ವಿವರಣೆಯನ್ನು ದಾಟಿಬಿಡೋಣ. 'ಡಯೋ ಅಂದರೆ ಎರಡು. ಮುಂದಿನ ಮಾದರಿ, ಹಿಂದಿನ ಚಿತ್ರ, ಎರಡೂ ಸೇರಿದ್ದಕ್ಕೆ ಡಯೋರಮಾ' ಎಂದು ಒಬ್ಬರು ನನಗೇ ಪಾಠ ಹೇಳಿದ್ದರು. ಕೇಳಲು ಹಿತವಾಗಿದೆ, ಆದರೆ ಸುಳ್ಳು. ಅದು 'ಡಯೋ' ಅಲ್ಲವೇ ಅಲ್ಲ. ಗ್ರೀಕ್ ಭಾಷೆಯ 'ದಿಯಾ' ಅಂದರೆ ಮೂಲಕ, ಹಾಯ್ದು. 'ಹೊರಾಮ' ಅಂದರೆ ಕಂಡದ್ದು, ನೋಟ. ಎರಡನ್ನೂ ಕೂಡಿಸಿದಾಗ ಹಕಾರ ಬಿದ್ದುಹೋಗಿದೆ. ಉಳಿದದ್ದು ಹಾಯ್ದು ಕಾಣುವ ನೋಟ. ಆ ಓಕಾರ ಎರಡನೆಯ ಪದದ್ದು, ಮೊದಲನೆಯದರದ್ದಲ್ಲ.

ಏನನ್ನು ಹಾಯ್ದು? ಇಲ್ಲೇ ಇರುವುದು ಸ್ವಾರಸ್ಯ. ಈ ಪದವನ್ನು ಕಟ್ಟಿದವರು ಪ್ಯಾರಿಸ್ಸಿನ ಇಬ್ಬರು ಚಿತ್ರಕಾರರು, ಲೂಯಿ ಡಗೇರ್ ಮತ್ತು ಶಾರ್ಲ್ ಬೂತೋಂ. ಮುಂದೆ ಫೋಟೊ ಹಿಡಿಯುವ ವಿಧಾನಕ್ಕೆ ತನ್ನ ಹೆಸರು ಕೊಟ್ಟ ಡಗೇರ್ ಇವನೇ. 1822ರ ಜುಲೈನಲ್ಲಿ ಇಬ್ಬರೂ ಸೇರಿ ಒಂದು ಪ್ರದರ್ಶನ ಶುರು ಮಾಡಿದರು. ಅದರ ಹೆಸರೇ ಡಯೋರಮಾ. ಸುಮಾರು 22 ಮೀಟರ್ ಅಗಲ, 14 ಮೀಟರ್ ಎತ್ತರದ ತೆಳು ಬಟ್ಟೆ. ಕೆಲವು ವರ್ಷಗಳ ಮೇಲೆ ಅದರ ಎರಡೂ ಬದಿಗೆ ಚಿತ್ರ ಬರೆಯತೊಡಗಿದರು. ಬೆಳಕನ್ನು ಮುಂದಿನಿಂದ ಬಿಟ್ಟರೆ ಮುಂದಿನ ಚಿತ್ರ ಕಾಣುತ್ತಿತ್ತು. ಹಿಂದಿನ ಕಿಟಕಿ ತೆರೆದರೆ ಬೆಳಕು ಬಟ್ಟೆಯನ್ನು ಹಾಯ್ದು ಬಂದು ಹಿಂಬದಿಯ ಚಿತ್ರವೂ ಮೂಡುತ್ತಿತ್ತು. 1834ರ ಒಂದು ಚಿತ್ರದಲ್ಲಿ ಹಗಲಿನ ಖಾಲಿ ಚರ್ಚು ನೋಡುತ್ತಿದ್ದ ಹಾಗೇ ಕತ್ತಲಾಗುತ್ತಿತ್ತು, ದೀಪಗಳು ಹತ್ತಿಕೊಳ್ಳುತ್ತಿದ್ದವು, ಖಾಲಿ ಕುರ್ಚಿಗಳ ಮೇಲೆ ಜನ ಬಂದು ಕೂತಿರುತ್ತಿದ್ದರು. ಬಟ್ಟೆ ಅದೇ, ಬದಲಾದದ್ದು ಬೆಳಕು ಮಾತ್ರ.

ಅಂದರೆ ಮೂಲ ಡಯೋರಮಾದಲ್ಲಿ ಪ್ಲಾಸ್ಟಿಕ್ ಇಲ್ಲ, ಗೊಂಬೆ ಇಲ್ಲ, ಸ್ಕೇಲೂ ಇಲ್ಲ. ಇದ್ದದ್ದು ಬಟ್ಟೆ, ಬಣ್ಣ ಮತ್ತು ಕತ್ತಲೆ ಕೋಣೆ.

ಬಾಲದ 'ಓರಮಾ' ಅವರ ಸ್ವಂತದ್ದೂ ಅಲ್ಲ. ಅದಕ್ಕೂ ಮೂವತ್ತು ವರ್ಷ ಮುಂಚೆ ಲಂಡನ್ನಿನಲ್ಲಿ ರಾಬರ್ಟ್ ಬಾರ್ಕರ್ ದುಂಡನೆಯ ಕಟ್ಟಡದ ಒಳಗೋಡೆ ಪೂರ್ತಿ ಚಿತ್ರ ಬರೆಸಿ ಅದಕ್ಕೆ ಪನೋರಮಾ ಎಂದು ಹೆಸರಿಟ್ಟಿದ್ದ. 'ಪ್ಯಾನ್' ಅಂದರೆ ಎಲ್ಲ, ಹಾಗಾಗಿ ಸುತ್ತಲ ನೋಟ. ಇವೆರಡನ್ನು ಅದಲುಬದಲು ಮಾಡುವವರಿಗೆ ಒಂದು ಗುರುತು ಹೇಳುತ್ತೇನೆ. ಪನೋರಮಾದಲ್ಲಿ ನೋಡುವವನು ತಾನೇ ಸುತ್ತ ತಿರುಗಬೇಕು. ಪ್ಯಾರಿಸ್ಸಿನ ಡಯೋರಮಾದಲ್ಲಿ ಜನ ಇದ್ದಲ್ಲೇ ಇರುತ್ತಿದ್ದರು. ಒಂದು ಚಿತ್ರ ಮುಗಿದ ಮೇಲೆ ಅವರಿದ್ದ ಸಭಾಂಗಣವನ್ನೇ ತಿರುಗಿಸಿ ಮುಂದಿನ ಚಿತ್ರದ ಎದುರಿಗೆ ನಿಲ್ಲಿಸುತ್ತಿದ್ದರು. ಯಾವ ಕಡೆಯಿಂದ ನೋಡಬೇಕು ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಮಾಡಿದವನು, ನೋಡುವವನಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನ ಆ ಬಾಲವನ್ನು ತಪ್ಪು ಜಾಗದಲ್ಲಿ ಕತ್ತರಿಸಿ 'ರಮಾ' ಅನ್ನುವುದನ್ನೇ ಒಂದು ಪ್ರತ್ಯಯ ಮಾಡಿಕೊಂಡರು. 1835ರ ಹೊತ್ತಿಗೆ ಫ್ರೆಂಚ್ ಲೇಖಕ ಬಾಲ್ಜಾಕನ ಒಂದು ಕಾದಂಬರಿಯಲ್ಲಿ ಊಟಕ್ಕೆ ಕೂತವರೆಲ್ಲ ಸಿಕ್ಕಸಿಕ್ಕ ಮಾತಿಗೆ 'ರಮಾ' ಅಂಟಿಸಿ ನಗುತ್ತಾರೆ. ಆರೋಗ್ಯಕ್ಕೂ ರಮಾ, ಚಳಿಗೂ ರಮಾ. ಇನ್ನೂರು ವರ್ಷಗಳ ಹಿಂದೆಯೇ ಈ ಪದದ ಗತಿ ಹೀಗಾಗಿತ್ತು ಅನ್ನುವುದು ನನಗೆ ಸ್ವಲ್ಪ ಸಮಾಧಾನ. ನಮ್ಮ ಕಿವಿಗಂತೂ ಕೊನೆಯಲ್ಲಿ ರಾಮನೇ ಕೇಳಿಸುತ್ತಾನೆ. ಕೆಲವರು 'ಡಯೋರಾಮ' ಎಂದೇ ಬರೆಯುತ್ತಾರೆ. ಬರೆಯಲಿ, ನನ್ನ ಜಗಳ ಕಾಗುಣಿತದ ಜೊತೆಗಲ್ಲ.

ಈಗ ಸೈನ್ಯದ ಮಾತಿಗೆ ಬರೋಣ. ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿ ವಾಟರ್ಲೂ ಕದನದ ದೊಡ್ಡ ಮಾದರಿ ಕಟ್ಟಿದ. ಅದಕ್ಕಾಗಿ ರಣರಂಗದ ನಡುವಿದ್ದ ತೋಟದ ಮನೆಯಲ್ಲಿ ಎಂಟು ತಿಂಗಳು ತಂಗಿ ನೆಲ ಅಳೆದ. ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದ. 1815ರ ಜೂನ್ 18ರ ಸಂಜೆ ಏಳು ಗಂಟೆಗೆ ನಿಮ್ಮ ಪಡೆ ಎಲ್ಲಿತ್ತು, ಎದುರಿನ ಹೊಲದಲ್ಲಿ ಏನು ಬೆಳೆ ಇತ್ತು ಎಂದು ಕೇಳಿದ. ಬೆಳೆ! ಇವತ್ತು ಎಷ್ಟು ಜನ ಕೇಳುತ್ತಾರೆ ಹೇಳಿ. ತವರದ ಸಿಪಾಯಿಗಳು 70 ಸಾವಿರಕ್ಕೂ ಜಾಸ್ತಿ. 1838ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ಈಗ ಅಲ್ಲಿನ ರಾಷ್ಟ್ರೀಯ ಸೇನಾ ಸಂಗ್ರಹಾಲಯದಲ್ಲಿದೆ.

ಇವತ್ತಿನವರು ನೋಡಿದರೆ 'ಎಂಥಾ ಡಯೋರಮಾ' ಅನ್ನುತ್ತಾರೆ. ಆದರೆ ಅವತ್ತು ಅದನ್ನು ಕರೆದದ್ದು 'ಮಾಡೆಲ್' ಎಂದು. ಅದೇ ವರ್ಷ, ಅದೇ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಡಗೇರನ ಡಯೋರಮಾದ ಇನ್ನೊಂದು ಕಟ್ಟಡ ಇನ್ನೂ ನಡೆಯುತ್ತಿತ್ತು. 1838ರಲ್ಲಿ ಒಬ್ಬ ಬೆಳಿಗ್ಗೆ ಡಯೋರಮಾ ನೋಡಿ ಮಧ್ಯಾಹ್ನ ವಾಟರ್ಲೂ ನೋಡಬಹುದಿತ್ತು. ಒಂದು ಬಟ್ಟೆ, ಒಂದು ಮಾದರಿ. ಅವನಿಗೆ ಗೊಂದಲವೇ ಇರುತ್ತಿರಲಿಲ್ಲ.

ಹಾಗಾದರೆ ಬಟ್ಟೆಯ ಹೆಸರು ಗೊಂಬೆಗೆ ಹೇಗೆ ಬಂತು? ಸಂಗ್ರಹಾಲಯಗಳ ದಾರಿಯಿಂದ. ಅಮೆರಿಕದ ಮಿಲ್ವಾಕಿಯಲ್ಲಿ 1890ರಲ್ಲಿ ಕಾರ್ಲ್ ಏಕ್ಲಿ ಎಂಬಾತ ನೀರಿಲಿಯಂಥ ಪ್ರಾಣಿಗಳನ್ನು ಅವುಗಳ ಜೌಗಿನ ಸಮೇತ ಜೋಡಿಸಿ, ಹಿಂದೆ ಚಿತ್ರ ಬರೆಸಿದ. ಮುಂದೆ ನಿಜವಾದ ಹುಲ್ಲು, ಹಿಂದೆ ಬಾಗಿದ ಗೋಡೆಯ ಮೇಲೆ ಆಕಾಶ, ನಡುವೆ ಗಾಜು. ಇಂಥವು ಬೇರೆ ಕಡೆಗೂ ಹಬ್ಬಿದವು. ಹಿಂದಿನ ಚಿತ್ರದಿಂದಾಗಿ ಹಳೆಯ ಹೆಸರು ಬಂದು ಇಲ್ಲಿ ಕೂತಿತು. ಆಮೇಲೆ ಚಿತ್ರ ಹೋಯಿತು, ಗಾಜು ಹೋಯಿತು, ಪ್ರಾಣಿ ಹೋಯಿತು, ಹೆಸರು ಮಾತ್ರ ಉಳಿಯಿತು. ಕಿಟ್ ಕಟ್ಟುವವರ ನಡುವೆ ಅದನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಮಾದರಿಕಾರ ಶೆಪರ್ಡ್ ಪೇನ್ ದೊಡ್ಡ ಹೆಸರು. 1970ರ ದಶಕದಲ್ಲಿ ಮೊನೊಗ್ರಾಮ್ ಕಂಪನಿಯ ಕಿಟ್‌ಗಳ ಡಬ್ಬಿಯಲ್ಲಿ ಈತನ ಡಯೋರಮಾಗಳ ಬಣ್ಣದ ಹಾಳೆಗಳು ಬರುತ್ತಿದ್ದವು. ಡಬ್ಬಿ ಕೊಂಡವರಿಗೆ ಟ್ಯಾಂಕಿನ ಜೊತೆ ಒಂದು ಆಸೆಯೂ ಪುಕ್ಕಟೆ.

ಸರಿ, ಪದ ಇಷ್ಟೆಲ್ಲ ಜಾರಿದೆ, ಇನ್ನೊಂದು ಸಲ ಜಾರಿದರೆ ಏನು ಅಂತ ನೀವು ಕೇಳಬಹುದು. ಜಾರಲಿ. ಆದರೆ ಇಷ್ಟು ಜಾರಿದರೂ ಒಂದು ಸಂಗತಿ ಕೈಬಿಟ್ಟಿರಲಿಲ್ಲ. ಡಗೇರನ ಬಟ್ಟೆಯಲ್ಲೂ ಏಕ್ಲಿಯ ಗಾಜಿನ ಪೆಟ್ಟಿಗೆಯಲ್ಲೂ ಪೇನ್‌ನ ಹಾಳೆಗಳಲ್ಲೂ ಏನೋ ನಡೆಯುತ್ತಿರುತ್ತದೆ. ನಾವು ಅದನ್ನು ಒಂದು ಕಿಟಕಿಯ ಮೂಲಕ ಇಣುಕಿ ನೋಡುತ್ತೇವೆ. ಆ 'ಮೂಲಕ'ವೇ 'ದಿಯಾ'. ಹುಲ್ಲಿನ ಮೇಲೆ ಸುಮ್ಮನೆ ನಿಂತ ಶೆರ್ಮನ್‌ನಲ್ಲಿ ಇಲ್ಲದ್ದು ಅದು.

ನಾನು ಬಳಸುವ ಪರೀಕ್ಷೆ ಸುಲಭದ್ದು. ಟ್ಯಾಂಕನ್ನು ಹಲಗೆಯಿಂದ ಎತ್ತಿ ಬರೀ ಮೇಜಿನ ಮೇಲಿಡಿ. ಏನಾದರೂ ಕಳೆದುಹೋಯಿತಾ? ಇಲ್ಲ ಅಂದರೆ ಅದು ಡಿಸ್‌ಪ್ಲೇ ಬೇಸ್, ಅಂದರೆ ಮಾದರಿ ಇಡುವ ಪೀಠ ಅಷ್ಟೇ. ಬೇಸ್ ಕೆಟ್ಟ ಪದವಲ್ಲ, ಅದನ್ನು ಹೇಳಲು ಯಾಕೆ ನಾಚಿಕೆಯೋ ಗೊತ್ತಿಲ್ಲ. ಅದೇ ಶೆರ್ಮನ್‌ನ ಒಂದು ಟ್ರ್ಯಾಕ್ ಕಳಚಿ ನೆಲದ ಮೇಲೆ ಬಿದ್ದಿರಲಿ. ಒಬ್ಬ ಸುತ್ತಿಗೆ ಹಿಡಿದು ಬಗ್ಗಿರಲಿ. ಇನ್ನೊಬ್ಬ ಕೆಲಸ ಬಿಟ್ಟು ರಸ್ತೆಯ ತಿರುವಿನ ಕಡೆ ನೋಡುತ್ತಿರಲಿ. ತಿರುವಿನಲ್ಲಿ ಏನಿದೆ ಎಂದು ನೀವು ತೋರಿಸಬೇಕಾಗಿಲ್ಲ. ಈಗ ಟ್ಯಾಂಕ್ ಎತ್ತಿದರೆ ಇಬ್ಬರೂ ಅನಾಥರು. ಇದು ಡಯೋರಮಾ. ಖರ್ಚಾದದ್ದು ಎರಡು ಗೊಂಬೆ.

ಇದು ಡಯೋರಮಾ ಅಲ್ಲ, ವಿನ್ಯೆಟ್ ಅನ್ನುವವರು ಇಲ್ಲಿ ಕೈ ಎತ್ತುತ್ತಾರೆ. ಫ್ರೆಂಚಿನಲ್ಲಿ ವಿನ್ಯೆಟ್ ಅಂದರೆ ಪುಟ್ಟ ದ್ರಾಕ್ಷಿ ಬಳ್ಳಿ. ಹಳೆಯ ಪುಸ್ತಕಗಳಲ್ಲಿ ಪುಟದ ಅಂಚಿಗೆ ಬಿಡಿಸುತ್ತಿದ್ದ ಬಳ್ಳಿಯ ಅಲಂಕಾರದಿಂದ ಬಂದ ಪದ. ಚಿಕ್ಕ ಹಲಗೆ, ಒಬ್ಬಿಬ್ಬರು, ಒಂದು ಸಣ್ಣ ಸನ್ನಿವೇಶ ಇದ್ದರೆ ಹಾಗೆ ಕರೆಯುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಒಂದೊಂದು ಸ್ಪರ್ಧೆಯಲ್ಲಿ ಒಂದೊಂದು ನಿಯಮ. ಅದರ ಬಗ್ಗೆ ಜಗಳ ಆಡಲು ನನಗೆ ಪುರುಸೊತ್ತಿಲ್ಲ. ರೈಲಿನ ಮೇಜಿಗೆ ಲೇಔಟ್ ಎಂಬ ಹೆಸರಿದೆ. ರೈಲು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅದು ಹಿಡಿದು ನಿಲ್ಲಿಸಿದ ಕ್ಷಣವಲ್ಲ.

ಕ್ಷಣ ಅಂದೆನಲ್ಲ, ಕನ್ನಡದ ಒಂದು ಅನುವಾದಕ್ಕೂ ಅದೇ ಆಕ್ಷೇಪ. 'ದೃಶ್ಯಾವಳಿ' ಎಂದು ಬರೆದದ್ದನ್ನು ನೋಡಿದ್ದೇನೆ. ಆವಳಿ ಅಂದರೆ ಸಾಲು. ಡಯೋರಮಾದಲ್ಲಿ ಸಾಲು ಇರಕೂಡದು. ಇರುವುದು ಒಂದೇ ದೃಶ್ಯ, ಒಂದೇ ಗಳಿಗೆ. ಎಷ್ಟೋ ಜನ ಕಟ್ಟುವುದು ನಿಜಕ್ಕೂ ಆವಳಿಯನ್ನೇ, ಅದು ಬೇರೆ ಮಾತು. ಎಡಕ್ಕೆ ಒಬ್ಬ ಗುಂಡು ಹಾರಿಸುತ್ತಿರುತ್ತಾನೆ, ಬಲಕ್ಕೆ ಒಬ್ಬ ಚಹಾ ಕುಡಿಯುತ್ತಿರುತ್ತಾನೆ, ನಡುವೆ ಒಬ್ಬ ನಕ್ಷೆ ಬಿಡಿಸಿಕೊಂಡು ನಿಂತಿರುತ್ತಾನೆ. ನನ್ನ ಮೊದಲನೆಯದೂ ಹಾಗೇ ಇತ್ತು. ಹನ್ನೊಂದು ಗೊಂಬೆ, ಹನ್ನೊಂದು ದಿಕ್ಕಿಗೆ ಮುಖ. ನೋಡಿದ ಗೆಳೆಯ 'ಇವರೆಲ್ಲ ಬಸ್ಸಿಗೆ ಕಾಯ್ತಿದ್ದಾರಾ?' ಅಂದ. ಏಳು ಗೊಂಬೆ ಕಿತ್ತೆ. ಉಳಿದ ನಾಲ್ವರನ್ನು ಒಂದೇ ಕಡೆ ನೋಡುವ ಹಾಗೆ ತಿರುಗಿಸಿದೆ.

ದೂರದ ಲೆಕ್ಕವನ್ನೂ ಯಾರೂ ಹಾಕುವುದಿಲ್ಲ. ಒಂದು ಟ್ಯಾಂಕ್ ಇನ್ನೊಂದಕ್ಕೆ 800 ಮೀಟರಿನಿಂದ ಗುಂಡು ಹಾರಿಸಿತು ಅಂದುಕೊಳ್ಳಿ. 1/35ರಲ್ಲಿ ಅದು ಹತ್ತಿರ ಹತ್ತಿರ 23 ಮೀಟರ್. ನಿಮ್ಮ ಹಲಗೆ 30 ಸೆಂಟಿಮೀಟರ್, ಅಂದರೆ ನಿಜದಲ್ಲಿ ಹತ್ತೂವರೆ ಮೀಟರ್. ಅದರ ಎರಡು ತುದಿಗೆ ಎರಡು ಟ್ಯಾಂಕ್ ನಿಲ್ಲಿಸಿ 'ಮಹಾ ಟ್ಯಾಂಕ್ ಕದನ' ಎಂದು ಹೆಸರಿಟ್ಟರೆ, ಒಬ್ಬರ ಮಾತು ಒಬ್ಬರಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಕದನ. ಶತ್ರುವನ್ನು ಹಲಗೆಯ ಆಚೆಗೆ ಬಿಡಿ. ಸೈಬೋರ್ನ್ ಕೂಡ ಇಲ್ಲಿ ಪಾರಾಗಲಿಲ್ಲ. ಅವನ ನೆಲ ಸುಮಾರು 1/587. ಸಿಪಾಯಿಗಳು ಸುಮಾರು ಒಂದು ಸೆಂಟಿಮೀಟರ್. ಲೆಕ್ಕ ಹಾಕಿದರೆ ಒಬ್ಬೊಬ್ಬನೂ ಆರು ಮೀಟರಿನ ಹತ್ತಿರ ಬರುತ್ತಾನೆ. ಅವನಿಗೆ ಬೇರೆ ದಾರಿ ಇರಲಿಲ್ಲ, ನೆಲದ ಸ್ಕೇಲಿಗೇ ಮಾಡಿದ್ದರೆ ಸಿಪಾಯಿ ಮೂರು ಮಿಲಿಮೀಟರ್ ಆಗುತ್ತಿದ್ದ. 1/35 ಕಟ್ಟುವವರಿಗೆ ಆ ನೆಪ ಇಲ್ಲ.

ಜೋಡಣೆಯ ಬಗ್ಗೆ ಹೇಳುವುದು ಬಹಳ ಇದೆ, ಆದರೆ ಅರ್ಧ ಪದದಲ್ಲೇ ಇದೆ. ಕಿಟಕಿ ಎಂದ ಮೇಲೆ ಅದಕ್ಕೊಂದು ಎದುರು ಇರುತ್ತದೆ. ನೋಡುವವನು ಎಲ್ಲಿ ನಿಲ್ಲುತ್ತಾನೆ ಎಂದು ಮೊದಲು ತೀರ್ಮಾನಿಸಿ. ನಾಲ್ಕೂ ಕಡೆಯಿಂದ ಚೆನ್ನಾಗಿ ಕಾಣಬೇಕು ಎಂದು ಹೊರಟವರದ್ದು ಯಾವ ಕಡೆಯಿಂದಲೂ ಕಾಣುವುದಿಲ್ಲ. ಟ್ಯಾಂಕನ್ನು ಹಲಗೆಯ ಅಂಚಿಗೆ ನೇರವಾಗಿ ಇಟ್ಟರೆ ಪಾರ್ಕಿಂಗ್ ಮಾಡಿದ ಹಾಗಿರುತ್ತದೆ, ಸ್ವಲ್ಪ ಓರೆ ಮಾಡಿ. ಎಲ್ಲಕ್ಕಿಂತ ಎತ್ತರದ ಗೋಡೆಯನ್ನು ನಟ್ಟನಡುವೆ ನಿಲ್ಲಿಸಬೇಡಿ. ಇನ್ನು ಕೆಸರು. ನೆಲದಲ್ಲಿ ಒದ್ದೆ ಕೆಸರು, ಟ್ಯಾಂಕಿನ ಮೇಲೆ ಒಣ ಧೂಳು, ಸಿಪಾಯಿಯ ಬೂಟು ಫಳಫಳ. ಇಂಥದ್ದು ಪ್ರತಿ ಪ್ರದರ್ಶನದಲ್ಲೂ ಸಿಗುತ್ತದೆ. ಮೂರನ್ನೂ ಬೇರೆ ಬೇರೆ ದಿನ ಬಣ್ಣ ಹೊಡೆದು ಆಮೇಲೆ ಅಂಟಿಸಿದ್ದಾರೆ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ನೆಲಕ್ಕೆ ಹಾಕಿದ ಕೆಸರನ್ನೇ ಚಕ್ರಕ್ಕೂ ಬೂಟಿಗೂ ಹಚ್ಚಿದರೆ ಮೂರೂ ಒಂದೇ ಮಳೆಯಲ್ಲಿ ನೆನೆದವು ಅನ್ನಿಸುತ್ತದೆ.

ಮೂಲ ಅರ್ಥಕ್ಕೆ ತೀರ ಹತ್ತಿರ ಇರುವುದು ಬಾಕ್ಸ್ ಡಯೋರಮಾ. ಮುಚ್ಚಿದ ಪೆಟ್ಟಿಗೆ, ಮುಂದೆ ಗಾಜು, ಒಳಗೆ ಅಡಗಿಸಿದ ದೀಪ, ಹಿಂದೆ ಹೋದ ಹಾಗೆ ಸ್ಕೇಲ್ ಚಿಕ್ಕದಾಗುತ್ತ ದೂರ ಕಾಣಿಸುವ ಉಪಾಯ. ಪೇನ್‌ಗೆ ಇದರಲ್ಲಿ ಒಳ್ಳೆಯ ಕೈ ಇತ್ತು. ಮಾಡುವವರು ಕಮ್ಮಿ, ಯಾಕೆಂದರೆ ಕಷ್ಟ ಜಾಸ್ತಿ, ಮೇಲಾಗಿ ಫೋಟೊದಲ್ಲಿ ಸರಿಯಾಗಿ ಬರುವುದಿಲ್ಲ. ಡಗೇರ್ ಈಗ ಎದ್ದು ಬಂದರೆ ತನ್ನ ಪದವನ್ನು ಗುರುತು ಹಿಡಿಯುವುದು ಇದರಲ್ಲಿ ಮಾತ್ರ.

ಹಾಂ, ಆ ಖಾಲಿ ರಸ್ತೆಯ ತುಂಡು. ಜನ ಇಲ್ಲ ಎಂದ ಮಾತ್ರಕ್ಕೆ ಡಯೋರಮಾ ಆಗುವುದಿಲ್ಲ ಅಂತೇನೂ ಇಲ್ಲ. ಕಲ್ಲುಗಳ ಮೇಲೆ ಒಂದು ಹೆಲ್ಮೆಟ್ ಉರುಳಿ ಬಿದ್ದಿದ್ದರೂ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಮಾರುವವರನ್ನೇ ಕೇಳಿದೆ. 'ಅಯ್ಯೋ, ಬೇಸ್ ಸಾರ್, ಡಯೋರಮಾ ಬೇಸ್. ಬರೆಯೋವಾಗ ಬಿಟ್ಟುಹೋಯ್ತು' ಅಂದರು.